ಸಹಾಯ ಬೇಕು: ಸ್ಟ್ರೈಕರ್ ಮಿಡ್‌ಫೀಲ್ಡ್‌ಗೆ ಹೊಂದಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣ ಬೆಂಗಳೂರಿನ ಸಣ್ಣ ಫುಟ್‌ಬಾಲ್ ಕ್ಲಬ್‌ ಒಂದರಲ್ಲಿ ಮೊದಲಿನಿಂದಲೂ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನು. ವಯಸ್ಸು ಮೂವತ್ತಾರು, ವೇಗ ತಗ್ಗಿದ್ದರಿಂದ ಕೋಚ್ ಅವನನ್ನು ಮೈದಾನದ ನಡುಭಾಗಕ್ಕೆ, ಅಂದರೆ ಮಿಡ್‌ಫೀಲ್ಡ್‌ಗೆ ಇಳಿಸಿದ್ದಾರೆ. ಸರಿಯಾದ ನಿರ್ಧಾರವೆಂದೇ ನನ್ನ ನಂಬಿಕೆ, ಪಾಸ್ ಅಷ್ಟು ಚೆನ್ನಾಗಿ ಕೊಡುತ್ತಾನೆ. ತೊಡಕು ಬೇರೆ: ಚೆಂಡು ಬರುವ ಮೊದಲು ಹಿಂದೆ ತಿರುಗಿ ನೋಡುವುದಿಲ್ಲ. ಅಲ್ಲಿ ಚೆಂಡು ಕಳೆದುಕೊಂಡರೆ ಎದುರಾಳಿಗಳು ನೇರವಾಗಿ ನಮ್ಮ ಡಿಫೆಂಡರ್‌ಗಳ ಮೇಲೆ ನುಗ್ಗುತ್ತಾರೆ.

2016ರ ಇಂಗ್ಲೆಂಡ್‌ನ ಎಫ್‌ಎ ಕಪ್ ಫೈನಲ್‌ನಲ್ಲಿ ಸ್ಟ್ರೈಕರ್ ಎಂದೇ ಹೆಸರಾದ ಮ್ಯಾಂಚೆಸ್ಟರ್ ಯುನೈಟೆಡ್‌ನ ವೇಯ್ನ್ ರೂನಿ ಮಿಡ್‌ಫೀಲ್ಡ್‌ನಲ್ಲೇ ಆಡಿದ್ದರು. ಎದುರಾಳಿ ಕ್ರಿಸ್ಟಲ್ ಪ್ಯಾಲೇಸ್ ಮುಂದಿದ್ದಾಗ ಅವರು ಚೆಂಡನ್ನು ಒಯ್ದು ಕೊಟ್ಟ ಕ್ರಾಸ್‌ನಿಂದಲೇ ಸಹ ಆಟಗಾರ ಮಾಟಾ ಅವರ ಗೋಲಿಗೆ ದಾರಿಯಾಯಿತು. ಅದನ್ನು ನೋಡಿ ಅಣ್ಣನಿಗೂ ಹುರುಪು ಬಂದಿದೆ.

ಇಂಥ ಬದಲಾವಣೆ ಕಂಡಿರುವ ಆಟಗಾರರು, ತರಬೇತುದಾರರು ದಯವಿಟ್ಟು ತಿಳಿಸಿ: ಸುತ್ತ ನೋಡುವ ಅಭ್ಯಾಸ ಬೆಳೆಸುವುದು ಹೇಗೆ? ಯಾವಾಗ ಮುಂದೆ ನುಗ್ಗಬೇಕು, ಯಾವಾಗ ಹಿಂದೆ ನಿಲ್ಲಬೇಕು? ಕೆಲಸ ಮುಗಿಸಿ ಬಂದ ಮೇಲೆ ಅಭ್ಯಾಸಕ್ಕೆ ಅವನಿಗೆ ಸ್ವಲ್ಪ ಹೊತ್ತು ಮಾತ್ರ ಸಿಗುತ್ತದೆ.