ನೆದರ್ಲೆಂಡ್ಸ್‌ನಲ್ಲಿ ಮನೆ ಹೆರಿಗೆ: ಜೊತೆಗಿದ್ದ ಗಂಡಸರು ಅನುಭವ ಹೇಳಿ

ಕೇಳಿದ್ದು: ನಾವು ಉತ್ರೆಕ್ಟ್‌ನಲ್ಲಿದ್ದೇವೆ. ಹೆಂಡತಿಗೆ ಈಗ 32 ವಾರ, ಚೊಚ್ಚಲು. ಆಸ್ಪತ್ರೆಯಲ್ಲೋ ಮನೆಯಲ್ಲೋ ಅಂತ ಮಿಡ್‌ವೈಫ್ (ಹೆರಿಗೆ ಮಾಡಿಸೋರು) ಕೇಳಿದ್ದಾರೆ. ಇವಳಿಗೆ ಮನೆಯಲ್ಲೇ ಆಗಲಿ ಅಂತ ಆಸೆ. ಊರಲ್ಲಿ ಅಮ್ಮನಿಗೆ ವಿಷಯ ಹೇಳಿದಾಗಿನಿಂದ ನಿದ್ದೆ ಇಲ್ಲ, ನನಗೂ ಅಷ್ಟೇ. ಅಂಥ ಹೊತ್ತಲ್ಲಿ ಗಂಡನಾದವನ ಕೆಲಸ ಏನು? ಗೊತ್ತಿರೋರು ದಯವಿಟ್ಟು ತಿಳಿಸಿ.

ಐಂಡ್‌ಹೋವನ್‌ನಿಂದ, ಎರಡು ಮಕ್ಕಳ ತಂದೆ:

ನಮ್ಮ ದೊಡ್ಡವಳು ಇಲ್ಲಿಯ ಆಸ್ಪತ್ರೆಯಲ್ಲಿ ಹುಟ್ಟಿದ್ದು, ಚಿಕ್ಕವನು ನಮ್ಮ ಮನೆ ಹಾಲ್‌ನಲ್ಲಿ. ಹಾಗಾಗಿ ಎರಡನ್ನೂ ನೋಡಿದ್ದೇನೆ.

ಮೊದಲು ಗಾಬರಿಯ ಮಾತು. ಇಲ್ಲಿ ಮನೆ ಹೆರಿಗೆ ಅಂದರೆ ದೇವರ ಮೇಲೆ ಭಾರ ಹಾಕಿ ಕೂರೋದಲ್ಲ. ಬರೋರು ನಾಲ್ಕು ವರ್ಷ ಅದನ್ನೇ ಓದಿದ ಮಿಡ್‌ವೈಫ್. ಆಕ್ಸಿಜನ್, ರಕ್ತ ನಿಲ್ಲಿಸೋ ಇಂಜೆಕ್ಷನ್, ಹೊಲಿಗೆ ಹಾಕೋ ಸಾಮಾನು ಎಲ್ಲ ಅವರ ಬ್ಯಾಗಲ್ಲೇ ಇರುತ್ತೆ. ಬಿಪಿ ಏರಿದ್ದರೆ, ಅವಳಿ ಇದ್ದರೆ, ಮಗು ತಲೆ ಕೆಳಗೆ ಮಾಡದಿದ್ದರೆ, ಮುಂಚೆ ಸಿಸೇರಿಯನ್ ಆಗಿದ್ದರೆ, 37 ವಾರ ತುಂಬೋ ಮೊದಲೇ ನೋವು ಬಂದರೆ ಅವರೇ ಆಸ್ಪತ್ರೆಗೆ ಕಳಿಸ್ತಾರೆ. ನಿಮ್ಮದು ಚೊಚ್ಚಲು, ಅದಕ್ಕೆ ಇನ್ನೊಂದು ಮಾತು: ಮೊದಲ ಹೆರಿಗೆಯನ್ನು ಮನೆಯಲ್ಲಿ ಶುರು ಮಾಡಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಕೊನೆಗೆ ಆಸ್ಪತ್ರೆಗೆ ಹೋಗ್ತಾರೆ. ಹೆಚ್ಚಿನವರು ಹೋಗೋದು ಅಪಾಯ ಬಂದು ಅಲ್ಲ. ಹೆರಿಗೆ ನಿಧಾನವಾಗಿರುತ್ತೆ, ಇಲ್ಲ ನೋವು ತಡೆಯೋಕಾಗದೆ ಎಪಿಡ್ಯೂರಲ್ (ನೋವು ತಿಳಿಯದ ಹಾಗೆ ಬೆನ್ನಿಗೆ ಕೊಡೋ ಇಂಜೆಕ್ಷನ್) ಬೇಕು ಅನ್ನಿಸಿರುತ್ತೆ. ಅದು ಮನೆಯಲ್ಲಿ ಸಿಗಲ್ಲ. ಇದನ್ನು ನೀವಿಬ್ಬರೂ ಈಗಲೇ ಕೂತು ಮಾತಾಡಿಕೊಳ್ಳಿ.

ಇನ್ನು ಗಂಡನ ಕೆಲಸ. ನನ್ನ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ನೋವು ಬರೋಕೆ ಮುಂಚೆಯೇ ಮುಗಿದಿರಬೇಕು.

ಇನ್ಶೂರೆನ್ಸ್‌ನವರಿಂದ ಒಂದು ಡಬ್ಬ ಬರುತ್ತೆ, ಕ್ರಾಮ್‌ಪಕೆಟ್ ಅಂತಾರೆ. ಹಾಸಿಗೆ ಮೇಲೆ ಹಾಸೋ ಪ್ಯಾಡು, ಹತ್ತಿ, ಹೊಕ್ಕುಳ ಕ್ಲಿಪ್ಪು ಅದರಲ್ಲಿರುತ್ತೆ. ಡಬ್ಬ ಬಂದ ದಿನವೇ ಬಿಚ್ಚಿ, ಯಾವುದು ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಮಂಚ ನೆಲದಿಂದ 70 ಸೆಂಟಿಮೀಟರ್‌ಗಿಂತ ಎತ್ತರ ಇರಬೇಕು, ಇಲ್ಲದಿದ್ದರೆ ಬಗ್ಗಿ ಕೆಲಸ ಮಾಡೋರ ಬೆನ್ನು ಹೋಗುತ್ತೆ. ಮಂಚದ ಕಾಲ ಕೆಳಗೆ ಇಟ್ಟು ಎತ್ತರ ಮಾಡೋ ದಿಮ್ಮಿಗಳು ಬಾಡಿಗೆಗೆ ಸಿಗುತ್ತವೆ. ಇಲ್ಲಿಯ ಮೆಟ್ಟಿಲು ನಿಮಗೆ ಗೊತ್ತೇ ಇದೆ, ಏಣಿ ಇದ್ದ ಹಾಗೆ. ಅದಕ್ಕೇ ನಾನು ಮಂಚ ಬಿಚ್ಚಿ ಕೆಳಗೆ ತಂದು ಹಾಲ್‌ನಲ್ಲಿ ಹಾಕಿದೆ. ಇವಳು ಮೊದಲು ಬೈದಳು, ಆಮೇಲೆ ಅದೇ ಸರಿ ಆಯ್ತು.

ಆ ರಾತ್ರಿ ಒಂದೂವರೆಗೆ ಶುರುವಾಯ್ತು. ದೊಡ್ಡವಳನ್ನು ನಿದ್ದೆಗಣ್ಣಲ್ಲೇ ಎತ್ತಿಕೊಂಡು ಪಕ್ಕದ ಬೀದಿಯ ನಮ್ಮ ಕನ್ನಡದವರ ಮನೆಗೆ ಬಿಟ್ಟು ಬಂದೆ. ವಾಪಸ್ ಬಂದಾಗ ಇವಳು ಅಡುಗೆಮನೆ ಕಟ್ಟೆಗೆ ಹಣೆ ಆನಿಸಿ ನಿಂತಿದ್ದಳು. ನಾನು ಮೊಬೈಲ್‌ನಲ್ಲಿ ನೋವಿನ ಲೆಕ್ಕ ಇಡ್ತಾ, "ಉಸಿರು ತಗೋ, ಬಿಡು" ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದನ್ನೆಲ್ಲ ಹೇಳೋಕೆ ಹೋದೆ. "ಮಾತಾಡಬೇಡಿ, ಒತ್ತಿ" ಅಂದಳು. ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯೋ ಜಾಗದಲ್ಲಿ, ಅಂಗೈಯ ಬುಡದಿಂದ ಒತ್ತಬೇಕು. ಮೆಲ್ಲಗೆ ಸವರೋದಲ್ಲ, ಮೈಭಾರ ಬಿಟ್ಟು ಒತ್ತೋದು. ನೋವು ಏರುವಾಗ ಒತ್ತೋದು, ಇಳಿದ ಮೇಲೆ ಕೈ ಹಾಗೇ ಇಡೋದು. ಎರಡೂವರೆ ಗಂಟೆ ಅದನ್ನೇ ಮಾಡಿದೆ. ನನ್ನ ಮಣಿಕಟ್ಟು ಒಂದು ವಾರ ನೋಯ್ತಿತ್ತು.

ಫೋನ್ ಯಾವಾಗ ಮಾಡಬೇಕು ಅನ್ನೋದು ನಿಮ್ಮ ಮಿಡ್‌ವೈಫ್ ಹೇಳಿರ್ತಾರೆ. ಚೊಚ್ಚಲಿಗೆ ಸಾಮಾನ್ಯವಾಗಿ ಮೂರರಿಂದ ಐದು ನಿಮಿಷಕ್ಕೊಂದು ನೋವು, ಒಂದೊಂದೂ ಸುಮಾರು ಒಂದು ನಿಮಿಷ, ಹೀಗೆ ಒಂದು ಗಂಟೆ ಬಂದಾಗ. ಎರಡನೆಯದಕ್ಕೆ ಅಷ್ಟು ಕಾಯೋ ಹಾಗಿಲ್ಲ. ಅದನ್ನು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಆ ಹೊತ್ತಿಗೆ ತಲೆ ಓಡಲ್ಲ.

ಮಿಡ್‌ವೈಫ್ ಬಂದು, ಪರೀಕ್ಷೆ ಮಾಡಿ, ಮಗುವಿನ ಎದೆಬಡಿತ ಕೇಳಿ, ಒಂದು ಮೂಲೆಯಲ್ಲಿ ಕೂತರು. ಮಧ್ಯೆ ಮಧ್ಯೆ ಎದ್ದು ಬಂದು ಬಡಿತ ಕೇಳೋದು, ಮತ್ತೆ ಹೋಗಿ ಕೂರೋದು. ಅವರು ಸುಮ್ಮನೆ ಕೂತಿದ್ದು ನೋಡಿದಾಗಲೇ ನನಗೆ ಧೈರ್ಯ ಬಂದಿದ್ದು. ಕೊನೆಯಲ್ಲಿ ನಾನು ಇವಳ ಹಿಂದೆ ಮಂಚದ ಮೇಲೆ ಕೂತಿದ್ದೆ, ಇವಳ ಬೆನ್ನು ನನ್ನ ಎದೆಗೆ ಒರಗಿತ್ತು. ನೋವು ಬಂದಾಗ ಇವಳ ಮೈ ನಡುಗೋದು ನನ್ನ ಪಕ್ಕೆಲುಬಿಗೆ ತಿಳೀತಿತ್ತು. ಐದು ಗಂಟೆ ಹತ್ತು ನಿಮಿಷಕ್ಕೆ ಮಗ ಬಂದ. ಒದ್ದೆ ಒದ್ದೆಯಾಗಿ ಹಾಗೇ ಇವಳ ಎದೆ ಮೇಲೆ ಹಾಕಿದರು. ಹೊಕ್ಕುಳಬಳ್ಳಿ ಮಿಡಿಯೋದು ನಿಂತ ಮೇಲೆ ಕತ್ತರಿ ನನ್ನ ಕೈಗೆ ಕೊಟ್ಟರು. ಮಾಸು ಬಿದ್ದು, ಅದು ಪೂರ್ತಿ ಬಂದಿದೆಯಾ ಅಂತ ದೀಪದ ಕೆಳಗೆ ತಿರುಗಿಸಿ ನೋಡೋವರೆಗೂ ಅವರ ಮುಖ ಸಡಿಲ ಆಗಲಿಲ್ಲ. ಅದನ್ನು ನಾನು ಮರೆಯಲ್ಲ.

ರೂಮು ಬೆಚ್ಚಗಿಡೋದು ನಿಮ್ಮ ಕೆಲಸ. ಲೋಹದ ಬಿಸಿನೀರಿನ ಬಾಟಲಿ ಎರಡು ಇರಲಿ, ಬಟ್ಟೆ ಸುತ್ತಿ ಮಗುವಿನ ಹಾಸಿಗೆ ಕಾಯಿಸೋಕೆ.

ಆಮೇಲೆ ಕ್ರಾಮ್‌ಜೋರ್ಗ್ ಅನ್ನೋ ಬಾಣಂತನದ ಸೇವೆಯವರು ಸುಮಾರು ಎಂಟು ದಿನ ಮನೆಗೇ ಬರ್ತಾರೆ. ತವರಿನ ಬಾಣಂತನ ಇಲ್ಲದ ನಮ್ಮಂಥವರಿಗೆ ಅದು ದೊಡ್ಡ ಆಸರೆ, ಬೇಗ ಬುಕ್ ಮಾಡಿ. ಹುಟ್ಟಿದ ಮೂರು ದಿನದೊಳಗೆ ಮುನಿಸಿಪಾಲಿಟಿಯಲ್ಲಿ ಹೆಸರು ಬರೆಸಬೇಕು. ಅಪ್ಪನಿಗೆ ರಜೆ ಒಂದು ವಾರ ಪೂರ್ತಿ ಸಂಬಳದ್ದು. ಅದಾದ ಮೇಲೆ ಆರು ತಿಂಗಳೊಳಗೆ ಇನ್ನೂ ಐದು ವಾರ ಸಿಗುತ್ತೆ, ಅದಕ್ಕೆ ಸಂಬಳದ 70 ಪರ್ಸೆಂಟ್. ಐದು ವಾರವನ್ನೂ ತಗೊಳ್ಳಿ.

ಆಮ್‌ಸ್ಟೆಲ್‌ವೇನ್‌ನಿಂದ:

ನಮ್ಮದು ಚೊಚ್ಚಲು, ಮನೆಯಲ್ಲಿ ಶುರುವಾಗಿ ಆಸ್ಪತ್ರೆಯಲ್ಲಿ ಮುಗಿದಿದ್ದು. ಬೆಳಗಿನ ಜಾವ ನೀರು ಹೋಯ್ತು, ನೋಡಿದರೆ ಹಸಿರು ಬಣ್ಣ. ಮಗು ಒಳಗೇ ಕಕ್ಕ ಮಾಡಿದರೆ ಹಾಗಾಗುತ್ತೆ. ಮಿಡ್‌ವೈಫ್ ಬಂದ ತಕ್ಷಣ "ಹೊರಡಿ" ಅಂದರು. ನಾನು "ಇನ್ನೊಂದರ್ಧ ಗಂಟೆ ನೋಡೋಣವಾ?" ಅಂದೆ. ಇವಳು ತಿಂಗಳುಗಟ್ಟಲೆ ಆಸೆಪಟ್ಟಿದ್ದಳಲ್ಲ ಅನ್ನೋ ಸಂಕಟಕ್ಕೆ ಬಂದ ಮಾತು ಅದು. ಅದನ್ನು ಹೇಳಬಾರದಿತ್ತು. ಇವಳು ನನ್ನ ಮುಖ, ಅವರ ಮುಖ ನೋಡ್ತಾ ನಿಂತುಬಿಟ್ಟಳು. ಆ ಹೊತ್ತಲ್ಲಿ ಅವಳನ್ನು ಇಬ್ಬರ ಮಧ್ಯೆ ನಿಲ್ಲಿಸಿದೆನಲ್ಲ ಅಂತ ಇವತ್ತಿಗೂ ನೋಯುತ್ತೆ. ಮಿಡ್‌ವೈಫ್ ಹೊರಡಿ ಅಂದರೆ ಗಂಡನ ಬಾಯಲ್ಲಿ ಬರಬೇಕಾದ ಮಾತು "ಸರಿ, ಚಪ್ಪಲಿ ಹಾಕೋ" ಅಷ್ಟೇ.

ಎರಡು ನೋವಿನ ನಡುವೆ ಸಿಕ್ಕ ಬಿಡುವಿನಲ್ಲಿ ಒಂದೊಂದೇ ಮೆಟ್ಟಿಲು ಇಳಿಸಿದೆ. ಬ್ಯಾಗು, ಮಗುವಿನ ಕಾರ್ ಸೀಟು 37ನೇ ವಾರದಿಂದಲೇ ಕಾರಲ್ಲಿರಲಿ. ಮಗಳು ಚೆನ್ನಾಗಿ ಹುಟ್ಟಿದಳು. ಆದರೂ "ನನ್ನ ಕೈಲಿ ಆಗಲಿಲ್ಲ" ಅಂತ ಇವಳು ಎರಡು ವಾರ ಅತ್ತಳು. ಆಗ "ಮಗು ಚೆನ್ನಾಗಿದೆಯಲ್ಲ, ಬಿಡು" ಅನ್ನಬೇಡಿ. ಪಕ್ಕದಲ್ಲಿ ಕೂತು ಪೂರ್ತಿ ಕೇಳಿ.

ತುಮಕೂರು ಜಿಲ್ಲೆಯಿಂದ, ಹೆರಿಗೆ ವಾರ್ಡಿನ ನರ್ಸ್:

ಅಣ್ಣಂದಿರಾ, ಇದನ್ನು ಓದಿ ಬೆಂಗಳೂರಲ್ಲಿ ಯಾರೂ ಹಾಗೇ ಮಾಡೋಕೆ ಹೋಗಬೇಡಿ. ನಮ್ಮ ಜಿಲ್ಲೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಅವರ ಕೈಗುಣಕ್ಕೆ ನಾನೂ ಕೈ ಮುಗೀತೀನಿ. ಆದರೆ ಹೆರಿಗೆ ಆದ ಮೇಲೆ ರಕ್ತ ನಿಲ್ಲದಿದ್ದರೆ ಗಟ್ಟಿಮುಟ್ಟಾದ ತಾಯಿಯನ್ನೂ ಒಂದೆರಡು ಗಂಟೆಯಲ್ಲಿ ಕಳಕೊಳ್ಳಬಹುದು. ಮನೆಗೆ ಬರೋ ಮಿಡ್‌ವೈಫ್, ಅವರ ಹಿಂದೆ ತಯಾರಾಗಿರೋ ಆಂಬ್ಯುಲೆನ್ಸ್, ಆಸ್ಪತ್ರೆ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡಿರೋ ಕಡೆ ಮಾತ್ರ ಇದು ಸರಿ. ಇಲ್ಲಿ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಬನ್ನಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಇವಳಿಗೂ ಓದಿ ಹೇಳಿದೆ. ಐಂಡ್‌ಹೋವನ್ ಸರ್, ನಿಮ್ಮ ಅಮ್ಮನಿಗೆ ಹೇಗೆ ಹೇಳಿದಿರಿ?

ಐಂಡ್‌ಹೋವನ್‌ನಿಂದ:

ಮುಂಚೆಯೇ ಹೇಳಿದ್ದೆ, ಮುಚ್ಚಿಡಲಿಲ್ಲ. ದಿನಾಂಕ ಮಾತ್ರ ಹೇಳಿರಲಿಲ್ಲ. ಅವತ್ತು ಆರು ಗಂಟೆಗೆ ವಿಡಿಯೋ ಕಾಲ್ ಮಾಡಿದಾಗ ಅಮ್ಮ ಮಗುವಿನ ಮುಖ ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅಷ್ಟರಲ್ಲಿ ಕ್ರಾಮ್‌ಜೋರ್ಗ್‌ನವರು ಇವಳಿಗೆ ರಸ್ಕ್ ಮೇಲೆ ಬೆಣ್ಣೆ ಸವರಿ, ಸಕ್ಕರೆ ಲೇಪಿಸಿದ ಸೋಂಪು ಕಾಳು ಉದುರಿಸಿ ತಂದುಕೊಟ್ಟರು, ಇಲ್ಲಿಯ ಪದ್ಧತಿ. ಅದೇನು ಅಂತ ಅಮ್ಮ ಕೇಳಿದರು. ಹೇಳಿದೆ. "ಸೋಂಪಾ? ಒಳ್ಳೇದು, ಹಾಲು ಬರುತ್ತೆ. ಇನ್ನೊಂದು ಕೊಡಿಸು" ಅಂದರು.