ಕಾನೂನು ಜಾರಿಯಲ್ಲಿ ಪರಿಸರ ಸಂಘಟನೆಗಳಿಗೆ ನಿಜವಾಗಿ ಎಷ್ಟು ಅಧಿಕಾರವಿದೆ?

ಪ್ರಶ್ನೆ:
ನಮ್ಮೂರ ಹಳ್ಳಕ್ಕೆ ಮೇಲ್ಭಾಗದ ಕಾರ್ಖಾನೆಯೊಂದರಿಂದ ರಾತ್ರಿ ಹೊತ್ತು ಬಣ್ಣದ ನೀರು ಹರಿದುಬರುತ್ತಿದೆ. ನಮ್ಮ ಸಂಘದವರು ಬಾಟಲಿಯಲ್ಲಿ ನೀರು ಹಿಡಿದು, ಖಾಸಗಿ ಪ್ರಯೋಗಾಲಯದ ವರದಿಯೊಂದಿಗೆ ದೂರು ಕೊಟ್ಟರೂ ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹವಲ್ಲದೆ ಬೇರೇನೂ ಸಿಕ್ಕಿಲ್ಲ. ಜಾರಿ ಸರ್ಕಾರದ ಕೆಲಸವಾದರೆ ಸಂಘಟನೆಯ ಪಾತ್ರವೇನು?

ಉತ್ತರ 1:
ದಂಡ ಹಾಕುವ, ಬೀಗ ಜಡಿಯುವ ಅಧಿಕಾರ ಸಂಘಕ್ಕಿಲ್ಲ. ಅಧಿಕಾರವುಳ್ಳವರು ಸುಮ್ಮನೆ ಕೂರದಂತೆ ಮಾಡುವ ದಾರಿ ಮಾತ್ರ ಇದೆ. 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು, ಅವರೆದುರಿಗೇ ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಸಹಿ ಪಡೆದರಷ್ಟೇ ಅದರ ವರದಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತದೆ. ನಿಮ್ಮ ಬಾಟಲಿ ದೂರಿಗೆ ಬಲ ಕೊಡಬಹುದು, ಆ ಸಾಕ್ಷ್ಯದ ಜಾಗವನ್ನು ತುಂಬಲಾರದು. ಆದ್ದರಿಂದ ನೀರು ಬಿಡುವ ದಿನ, ಹೊತ್ತುಗಳನ್ನು ಫೋಟೊ ಸಹಿತ ದಾಖಲಿಸಿ, ಅದೇ ಹೊತ್ತಿಗೆ ಬಂದು ಮಾದರಿ ತೆಗೆಯಬೇಕೆಂದು ಲಿಖಿತವಾಗಿ ಕೇಳಿ. ಆಗಲೂ ಕದಲದಿದ್ದರೆ, 49ನೇ ಕಲಮಿನಡಿ ಮಂಡಳಿಗೆ 60 ದಿನಗಳ ನೋಟಿಸ್ ಕೊಟ್ಟು ಯಾವ ನಾಗರಿಕನಾದರೂ ನೇರವಾಗಿ ನ್ಯಾಯಾಲಯದಲ್ಲಿ ದೂರು ಹೂಡಬಹುದು.

ಉತ್ತರ 2:
ಬಳ್ಳಾರಿಯ ಗಣಿ ಪ್ರಕರಣವನ್ನು ಇಲ್ಲಿ ನೆನೆಯಲೇಬೇಕು. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿ ಸಂಘಟನೆಯದಾದರೂ, ನ್ಯಾಯಾಲಯದ ಆದೇಶದ ಮೇರೆಗೆ ಗುತ್ತಿಗೆಗಳ ಗಡಿಯನ್ನು ಅಳೆದದ್ದು ಸರ್ಕಾರಿ ಇಲಾಖೆಗಳ ಜಂಟಿ ತಂಡ. 2011ರ ಜುಲೈ 29ರಂದು ಜಿಲ್ಲೆಯ ಗಣಿಗಾರಿಕೆ ನಿಂತಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅತಿ ಹೆಚ್ಚು ಉಲ್ಲಂಘನೆಯ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಅಷ್ಟು ವರ್ಷ ಕಡತವನ್ನು ಕೈಬಿಡದೆ ಹಿಡಿದ ಆ ಸಂಘಟನೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಉತ್ತರ 3:
ಗೌರವ ನನಗೂ ಇದೆ, ಆದರೆ ಊರಿನ ಸಣ್ಣ ಸಂಘ ದಿಲ್ಲಿಯವರೆಗೆ ಹೋಗಲಾರದು. ಅಂಥವರಿಗೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವೇ ಹತ್ತಿರ. ವಕೀಲರಿಲ್ಲದೆ ತಾವೇ ವಾದಿಸಲೂ ಅವಕಾಶವಿದೆ. ಕೇಳುವ ಪರಿಹಾರ ಮಾತ್ರ ಕಾನೂನಿನ ಚೌಕಟ್ಟಿನೊಳಗಿರಲಿ. ಬೆಂಗಳೂರಿನ ಕೆರೆಗಳ ಸುತ್ತ ಕಟ್ಟಡ ಕಟ್ಟಬಾರದ ಮೀಸಲು ವಲಯವನ್ನು ನ್ಯಾಯಮಂಡಳಿ 2016ರಲ್ಲಿ 75 ಮೀಟರಿಗೆ ಹಿಗ್ಗಿಸಿದಾಗ ನಾವೆಲ್ಲ ಸಂಭ್ರಮಿಸಿದ್ದೆವು; ನಗರ ಯೋಜನೆಯಲ್ಲಿ ನಿಗದಿಯಾದುದನ್ನು ನ್ಯಾಯಮಂಡಳಿ ಬದಲಿಸುವಂತಿಲ್ಲವೆಂದು 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು.

ಪ್ರಶ್ನೆ ಕೇಳಿದವರು ಕಾಲಮಿತಿಯನ್ನೂ ಗಮನಿಸಬೇಕು. ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಬೇಕು. ತಕ್ಕ ಕಾರಣವಿದ್ದರೆ ಇನ್ನು 60 ದಿನ ಸಿಗುತ್ತದೆ. ನಷ್ಟಪರಿಹಾರ, ಹಳ್ಳದ ಪುನಶ್ಚೇತನ ಕೇಳುವುದಾದರೆ ಐದು ವರ್ಷಗಳ ಅವಧಿಯಿದೆ. ನಿಮ್ಮ ಕೈಯಲ್ಲಿರುವ ಹಿಂಬರಹದ ತಾರೀಖಿನಿಂದ ಎಣಿಸಬೇಡಿ. ಬಣ್ಣದ ನೀರು ಮೊದಲು ಕಂಡ ದಿನದಿಂದಲೇ ಎಣಿಸಿ.