ಯಿಕ್ ವೋ ಕೇಸು: ನಿಯಮದಲ್ಲಿ ಚೀನೀಯರ ಹೆಸರೇ ಇಲ್ಲ, ತಾರತಮ್ಯ ಅಂತ ಕೋರ್ಟು ಹೇಗೆ ಹೇಳಿತು?

ಇಸ್ತ್ರಿಮನೆ_ಮಗಳು:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಎಲ್‌ಎಲ್‌ಬಿ ಎರಡನೇ ವರ್ಷ. ನಮ್ಮ ಸಂವಿಧಾನದ ಸಮಾನತೆಯ 14ನೇ ವಿಧಿ ಓದುವಾಗ ಅಮೆರಿಕದ 1886ರ ಯಿಕ್ ವೋ ಕೇಸು ಬಂತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ನಗರದ ಆಡಳಿತ ಮಂಡಳಿಯ ಒಪ್ಪಿಗೆ ಬೇಕು ಅಂತ 1880ರಲ್ಲಿ ನಿಯಮ ಮಾಡಿದ್ದರಂತೆ. ಇಟ್ಟಿಗೆ, ಕಲ್ಲಿನ ಕಟ್ಟಡಕ್ಕೆ ಬೇಕಿಲ್ಲ.

ನಮ್ಮಪ್ಪನದು ಇಸ್ತ್ರಿ ಅಂಗಡಿ. ಬೆಳಿಗ್ಗೆ ಪೆಟ್ಟಿಗೆಗೆ ಇದ್ದಿಲು ತುಂಬಿ ಗಾಳಿ ಹಾಕುವಾಗ ಕಿಡಿ ಹಾರುತ್ತೆ. ಅವರ ಮುಂಗೈ ತುಂಬ ಸಣ್ಣ ಸಣ್ಣ ಸುಟ್ಟ ಕಲೆಗಳಿವೆ. ಅದನ್ನು ನೋಡಿ ಬೆಳೆದ ನನಗೆ, ಬೆಂಕಿಗೆ ಹೆದರಿ ಮಾಡಿದ ನಿಯಮ ತಪ್ಪು ಅಂತ ಅನಿಸ್ತಿಲ್ಲ. ಅದರಲ್ಲಿ ಚೀನೀಯರು ಅನ್ನೋ ಪದವೂ ಇಲ್ಲ. ಮತ್ತೆ ತಾರತಮ್ಯ ಎಲ್ಲಿ ಬಂತು? ಬಟ್ಟೆ ಒಗೆಯುವ ಮನುಷ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದು ಯಾರ ದುಡ್ಡಲ್ಲಿ?

ಕರಿಕೋಟು_ಧಾರವಾಡ:
ತಂಗಿ, ನಿಯಮ ಬಿಡು, ಲೆಕ್ಕ ನೋಡು. ಊರಲ್ಲಿ ಸುಮಾರು 320 ಲಾಂಡ್ರಿ, ಅದರಲ್ಲಿ 310 ಮರದವು. 240ರಷ್ಟು ಚೀನೀಯರವು. ಸುಮಾರು 200 ಚೀನೀಯರು ಅರ್ಜಿ ಹಾಕಿದರು, ಒಬ್ಬರಿಗೂ ಒಪ್ಪಿಗೆ ಸಿಗಲಿಲ್ಲ. ಬೇರೆಯವರು 80 ಜನರಷ್ಟು, ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ಆಗ ಊರಿನ ಹತ್ತು ಮನೆಯಲ್ಲಿ ಒಂಬತ್ತು ಮರದವೇ ಆಗಿದ್ದವು.

ಬೆಂಕಿಯ ಮಾತಿಗೆ ಬರ್ತೀನಿ. ಕೇಸು ಹಾಕಿದ ಯಿಕ್ ವೋ 22 ವರ್ಷದಿಂದ ಅದೇ ಕಟ್ಟಡದಲ್ಲಿ ಲಾಂಡ್ರಿ ನಡೆಸುತ್ತಿದ್ದ. ಒಲೆ, ಇಸ್ತ್ರಿ ಕಾಯಿಸೋ ಸಾಧನ ಎಲ್ಲ ಸರಿಯಿದೆ ಅಂತ ಬೆಂಕಿ ತಪಾಸಣೆಯವರು ಪತ್ರ ಕೊಟ್ಟಿದ್ದರು. ಆರೋಗ್ಯ ಅಧಿಕಾರಿಯ ಪತ್ರವೂ ಇತ್ತು. ಆದರೂ ಇಲ್ಲ ಅಂದರು. 10 ಡಾಲರ್ ದಂಡ ಹಾಕಿದರು, ಕಟ್ಟದ್ದಕ್ಕೆ ಜೈಲಿಗೆ ಕಳಿಸಿದರು. ಬೆಂಕಿ ಬರೀ ನೆಪ ಅಲ್ವಾ? ಒಪ್ಪಿಗೆ ಕೊಡೋದಕ್ಕಾಗಲಿ, ಇಲ್ಲ ಅನ್ನೋದಕ್ಕಾಗಲಿ ಮಂಡಳಿ ಕಾರಣವನ್ನೇ ಹೇಳಬೇಕಿರಲಿಲ್ಲ. ನಿಯಮ ಮೇಲ್ನೋಟಕ್ಕೆ ಸಮವಾಗಿದ್ದರೂ ಅದನ್ನು ಕೆಟ್ಟ ಕಣ್ಣಿಂದ, ಭೇದಭಾವದಿಂದ ನಡೆಸಿದರೆ ಅದು ಸಮಾನತೆಯಲ್ಲ ಅಂತ ನ್ಯಾಯಮೂರ್ತಿ ಮ್ಯಾಥ್ಯೂಸ್ ಬರೆದರು.

ಇನ್ನೊಂದು ಮಾತು. ಚೀನೀ ಕೂಲಿಗಳ ವಲಸೆ ತಡೆದ 1882ರ ಕಾಯ್ದೆಯಿಂದ ಚೀನೀಯರಿಗೆ ಅಲ್ಲಿ ಪೌರತ್ವದ ಬಾಗಿಲೇ ಮುಚ್ಚಿತ್ತು. ಓಟಿಲ್ಲದವನ ಮಾತು ಯಾವ ಕೌನ್ಸಿಲರ್ ಕೇಳ್ತಾನೆ? ಉಳಿದಿದ್ದು ಕೋರ್ಟು ಒಂದೇ. ಅವರ ಸಂವಿಧಾನದ ಸಮಾನತೆಯ 14ನೇ ತಿದ್ದುಪಡಿ 'ಯಾವುದೇ ವ್ಯಕ್ತಿ' ಅನ್ನುತ್ತೆ, 'ನಾಗರಿಕ' ಅನ್ನಲ್ಲ. ನಮ್ಮ 14ನೇ ವಿಧಿಯೂ ಹಾಗೇ. ನಮ್ಮ ಸುಪ್ರೀಂ ಕೋರ್ಟಿನ 1952ರ ಅನ್ವರ್ ಅಲಿ ಸರ್ಕಾರ್ ತೀರ್ಪು ತೆಗೆದು ಓದು, ಅಲ್ಲಿ ಯಿಕ್ ವೋ ಸಿಗ್ತಾನೆ.

ಬೇ_ಏರಿಯಾ_ಕನ್ನಡಿಗ:
ದುಡ್ಡು ಲಾಂಡ್ರಿಯವರದೇ. ತುಂಗ್ ಹಿಂಗ್ ತಾಂಗ್ ಅನ್ನೋ ಅವರ ಸಂಘ ಹಾಲ್ ಮೆಕಾಲಿಸ್ಟರ್‌ನಂಥ ದೊಡ್ಡ ವಕೀಲರನ್ನೇ ಇಟ್ಟಿತು. ಯಿಕ್ ವೋ ಅನ್ನೋದು ಅಂಗಡಿಯ ಹೆಸರು, ಮಾಲೀಕನ ಹೆಸರು ಲೀ ಯಿಕ್ ಅಂತಾರೆ. ಕೋರ್ಟಿನ ಕಾಗದದಲ್ಲಿ ಬೋರ್ಡಿನ ಹೆಸರೇ ಉಳಿದುಹೋಯಿತು. ಇವತ್ತು ಇಲ್ಲಿ ಒಂದು ಪ್ರಾಥಮಿಕ ಶಾಲೆಗೂ ಅದೇ ಹೆಸರು.

ಇದು ಗೊತ್ತಿದ್ದರೆ ನ್ಯೂಯಾರ್ಕಿನ ಚೀನೀ ಲಾಂಡ್ರಿಯವರ ಕಥೆಯೂ ಗೊತ್ತಿರಬೇಕು. 1933ರಲ್ಲಿ ಒಬ್ಬನೇ ನಡೆಸುವ ಲಾಂಡ್ರಿಗೂ ವರ್ಷಕ್ಕೆ 25 ಡಾಲರ್ ಶುಲ್ಕ, ಜೊತೆಗೆ 1000 ಡಾಲರ್ ಭದ್ರತಾ ಬಾಂಡ್ ಅಂತ ಪ್ರಸ್ತಾಪ ಬಂತು. ಸಮುದಾಯದ ಹಳೇ ದೊಡ್ಡ ಸಂಘವನ್ನು ನಂಬಿ ಕೂರದೆ ಕೈಲಾಂಡ್ರಿಯವರು ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ಶುಲ್ಕ 10ಕ್ಕೆ, ಬಾಂಡ್ 100ಕ್ಕೆ ಇಳಿಯಿತು. ನನಗಂತೂ ಇದು ತೀರ್ಪಿಗಿಂತ ದೊಡ್ಡದು. ಹಗಲು ರಾತ್ರಿ ಇಸ್ತ್ರಿ ತಿಕ್ಕಿ ಬೆನ್ನು ಬಾಗಿದ ಜನ ಎದ್ದು ನಿಂತು ಮಾಡಿದ ಕೆಲಸ ಅದು.

ಇಸ್ತ್ರಿಮನೆ_ಮಗಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. 22 ವರ್ಷದ ವಿಷಯ ಓದಿ ಅಪ್ಪನಿಗೆ ಹೇಳಿದೆ. ಪೆಟ್ಟಿಗೆ ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ "ಅವನಿಗೂ ಕಾರಣ ಹೇಳಲಿಲ್ವಾ?" ಅಂದರು. ನಮ್ಮ ಅಂಗಡಿಯ ಲೈಸೆನ್ಸ್ ನವೀಕರಣಕ್ಕೆ ಮೂರು ಸಲ ಹೋಗಿ ಬಂದಿದ್ದಾರೆ. "ಸಾಹೇಬರು ಒಪ್ಪಿಲ್ಲ" ಅಂತಾರೆ, ಯಾಕೆ ಅಂತ ಹೇಳಲ್ಲ. ಆ ಚೀನೀಯರು ಅನುಭವಿಸಿದ್ದಕ್ಕೆ ಇದನ್ನು ಹೋಲಿಸಲ್ಲ. ಆದರೆ ಸೋಮವಾರ ನಾನೂ ಜೊತೆಗೆ ಹೋಗ್ತೀನಿ. ಕಾರಣ ಬರೆದು ಕೊಡಿ ಅಂತ ಕೇಳೋಕೆ ಅರ್ಜಿ ಹೇಗೆ ಬರೆಯಬೇಕು, ಕರಿಕೋಟು ಅಣ್ಣ?

ಕರಿಕೋಟು_ಧಾರವಾಡ:
ಒಂದೇ ಪುಟ ಸಾಕು. ಹಳೇ ಲೈಸೆನ್ಸಿನ ನಂಬರು, ಹೋಗಿ ಬಂದ ಮೂರೂ ತಾರೀಕು ಹಾಕು. ಎರಡು ಪ್ರತಿ ಒಯ್ಯಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳದೆ ಬರಬೇಡ.